ಎಡಬಲ ತಪ್ಪಿದ ರೈಲುದಾರಿ

"ಏನ್ರೀ, ಆವಾಗಿಂದ ನೋಡಾಕತ್ತೀನಿ... ನನ್ನ ಮಾರಿ ಮ್ಯಾಲ ಏನರ ಬರದಾರೇನು?"

ಕಲಬುರಗಿಯಿಂದ ಹೊರಟ ಬೆಳಗಿನ ಪ್ಯಾಸೆಂಜರ್‌ನಲ್ಲಿ ರಾಜೇಶ್ರೀ ಹೀಗೆ ಗದರಿದಾಗ ಇಡೀ ಬೋಗಿ ಅತ್ತ ತಿರುಗಿತು. ಎದುರು ಸೀಟಿನ ಯುವಕ ಬೆವೆತುಹೋದ.

"ನಿಮ್ಮನ್ನಲ್ರೀ! ಖಿಡಕಿ ನೋಡಾಕತ್ತೀನಿ. ಈ ಲೈನಿನ ಮಾಡೆಲ್ ಮಾಡಾಕತ್ತೀನ್ರೀ, ಮನ್ಯಾಗ. ಸಣ್ಣ ರೈಲು, ಸಣ್ಣ ಸ್ಟೇಷನ್ನು..."

ಬೋಗಿ ಗೊಳ್ಳೆಂದು ನಕ್ಕಿತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು ರಾಜೇಶ್ರೀಗೆ!

ಅವಳು ಕಮಲಾಪುರದ ಶಾಲೆಯಲ್ಲಿ ಟೀಚರ್. ಅವನು ಶಿವಶರಣ, ಅಲ್ಲಿಯ ಬ್ಯಾಂಕಿನಲ್ಲಿ ಕ್ಲರ್ಕ್. ದಿನವೂ ಅದೇ ರೈಲು, ಅದೇ ನೂಕುನುಗ್ಗಲು. ಡಬ್ಬಿಯ ರೊಟ್ಟಿ, ಶೇಂಗಾ ಹಿಂಡಿ ಹಂಚಿಕೊಳ್ಳುವಷ್ಟು ಸ್ನೇಹ ಬೆಳೆಯಿತು.

ಆದರೆ... ಅವನ ಮಾತೆಲ್ಲ ಹಳಿ, ತಿರುವು, ಸಿಗ್ನಲ್! ಪಕ್ಕದಲ್ಲಿ ಬ್ಯಾಗಿಟ್ಟು ಜಾಗ ಹಿಡಿದರೂ ಬಂದು ಕೂರುತ್ತಿರಲಿಲ್ಲ, ಎದುರು ಸೀಟಿಗೇ ಹೋಗುತ್ತಿದ್ದ. 'ಈ ಪುಣ್ಯಾತ್ಮನಿಗೆ ಕಿಟಕಿ ಬಿಟ್ಟರೆ ನಾನು ಕಾಣುವುದೇ ಇಲ್ಲವೇ?' ಪ್ರೀತಿಸಿದ್ದು ತಾನೊಬ್ಬಳೇ ಎಂದು ಅವಳು ಒಳಗೊಳಗೇ ಬೆಂದಳು.

ಅಷ್ಟರಲ್ಲಿ ಅವಳನ್ನು ನೋಡಿಹೋಗಿದ್ದ ಹುಮನಾಬಾದಿನ ಗಂಡಿನ ಕಡೆಯವರು ಒಪ್ಪಿದರು. ಭಾನುವಾರ ಸಂಜೆಯೊಳಗೆ ಉತ್ತರ ಹೇಳೆಂದು ಅಪ್ಪ ಚಂದ್ರಶಾ ಪಟ್ಟು ಹಿಡಿದರು. ಅದೇ ಭಾನುವಾರ ಶಿವಶರಣನ ಫೋನು.

"ಮಾಡೆಲ್ ಮುಗೀತ್ರೀ. ನೋಡಾಕ ಬರ್ರಿ."

ಕೊನೆಯ ಸಲ ನೋಡಿ ಬಂದುಬಿಡೋಣ ಎಂದು ಅವಳು ಖೂಬಾ ಪ್ಲಾಟ್ ಬಡಾವಣೆಯ ಅವನ ಮನೆಗೆ ಹೋದಳು. ಅವನ ತಾಯಿ ಭಾಗಮ್ಮ ನಕ್ಕು ಮಾತಾಡಿಸಿ ಚಹಾ ಇಡಲು ಹೋದರು. ರಾಜೇಶ್ರೀ ಮಾತ್ರ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು.

ಅಬ್ಬಾ!

ಮಂಚದಷ್ಟು ಹಲಗೆಯ ಮೇಲೆ ಅವಳ ದಿನದ ದಾರಿಯೆಲ್ಲ ಇತ್ತು. ಕಲಬುರಗಿ ಸ್ಟೇಷನ್ನಿನಲ್ಲಿ ನೂರಾರು ಮಂದಿ, ಅವರ ತಲೆಗಳೆಲ್ಲ ಬಣ್ಣ ಹಚ್ಚಿದ ಜೋಳದ ಕಾಳು! ಬಾಗಿಲಿಗೆ ಜೋತುಬಿದ್ದವರು, ಡಬ್ಬಿ ಹಿಡಿದು ಓಡಿ ಬರುವವರು... ತೊಗರಿ ಕಡ್ಡಿಯ ಬೇವಿನ ಮರ. ಕಾಗದದಲ್ಲಿ ಕತ್ತರಿಸಿದ ಕಮಲಾಪುರದ ಕೆಂಪು ಬಾಳೆತೋಟ, ಉಗುರಿಗಿಂತ ಸಣ್ಣ ಗೊನೆಗಳು.

"ಇಷ್ಟುದ್ದ ದಾರಿ ಇದರಾಗ ಹೆಂಗ ಹಿಡಸಿದ್ರೀ?"

"ಎಲ್ಲಾ ಹಿಡಸಂಗಿಲ್ರೀ. ಖಾಲಿ ಹೊಲಾ ಬಿಟ್ಟೆ. ಮಂದಿ ಹತ್ತೋದು, ಇಳಿಯೋದು ಇಟಗೊಂಡೆ."

ಅವನು ಸ್ವಿಚ್ ಒತ್ತಿದ. ಪುಟ್ಟ ರೈಲು ಹೊರಟಿತು! ಅವಳು ಬಗ್ಗಿ, ಅದರೊಳಗೇ ಕೂತವಳಂತೆ ಹಿಂಬಾಲಿಸಿ ನೋಡಿದಳು. ಮೈ ಜುಮ್ಮೆಂದಿತು. ಮರುಕ್ಷಣ ಹುಬ್ಬು ಗಂಟಿಕ್ಕಿತು.

"ತೋಟ ಎಡಕ್ಕ ಬರ್ಬೇಕಲ್ರೀ? ನೀರಿನ ಟಾಕಿನೂ ಬಲಕ್ಕ ಅದ... ಎಲ್ಲಾ ಉಲ್ಟಾ ಆಗ್ಯಾದ!"

"ಇಲ್ರೀ, ದಿನಾ ಬಲಗೈ ಕಡೀನೇ ನೋಡೀನಿ..." ಎಂದವನು ಥಟ್ಟನೆ ನಾಲಿಗೆ ಕಚ್ಚಿಕೊಂಡ. ಮುಖ ಕೆಂಪಾಯಿತು.

ಅವಳಿಗೆ ಹೊಳೆಯಿತು. ಇಬ್ಬರದೂ ಒಂದೇ ಕಿಟಕಿ. ಅವಳು ರೈಲು ಹೋಗುವ ಕಡೆ ಮುಖ ಮಾಡಿ ಕೂರುತ್ತಿದ್ದಳು, ಅವನು ಬೆನ್ನು ಮಾಡಿ. ಅವಳ ಎಡವೇ ಅವನಿಗೆ ಬಲ!

"ಲೈನ್ ನೋಡೋರು ಮುಂದ ಮಾರಿ ಮಾಡಿ ಕುಂದ್ರಬೇಕಿಲ್ಲೇನ್ರೀ? ನನ್ನ ಬಾಜೂಕ ಯಾಕ ಬರಲಿಲ್ಲ?"

"ಬಾಜೂಕ ಕುಂತ್ರ... ನಿಮ್ಮ ಮಾರಿ ಹೆಂಗ ಕಾಣ್ತದ್ರೀ?"

ಇಷ್ಟೆಲ್ಲ ದಿನ ಅವನು ನೋಡುತ್ತಿದ್ದುದು... ತನ್ನನ್ನೇ!

"ಹುಮನಾಬಾದಿನ ಗಂಡು ಒಪ್ಪ್ಯಾನ. ಸಂಜೀಕ ಅಪ್ಪಗ ಉತ್ತರ ಹೇಳಬೇಕ್ರೀ."

ಅವನು ರೈಲು ನಿಲ್ಲಿಸಿದ.

"ನೀವು ಬರಲಾರದ ದಿನಾ ಆ ಲೈನಿನ್ಯಾಗ ನನಗೇನೂ ಕಾಣಂಗಿಲ್ರೀ. ನನ್ನ ಮದವಿ ಆಗ್ತೀರೇನು?"

ಅವಳ ಕಣ್ಣು ತುಂಬಿತು. ಅಲ್ಲಿಯೇ ಫೋನು ಹಚ್ಚಿದಳು.

"ಅಪ್ಪಾ, ಹುಮನಾಬಾದಿನವರಿಗೆ ಬ್ಯಾಡ ಅಂತ ಹೇಳ್ರಿ. ಖೂಬಾ ಪ್ಲಾಟಿನ್ಯಾಗ ಒಂದು ಮನಿ ಅದ... ನೀವ ಬಂದು ನೋಡ್ರಿ."

ಶಿವಶರಣ ಕಣ್ಣೊರೆಸಿಕೊಂಡು ನಕ್ಕ.

"ಇದನ್ನೆಲ್ಲಾ ಬಿಚ್ಚಿ ಸರಿ ಮಾಡ್ತೀನ್ರೀ."

"ಬ್ಯಾಡ್ರೀ," ಅವಳು ಅವನ ಮಗ್ಗುಲಿಗೆ ಬಂದು ನಿಂತಳು. "ನಿಮ್ಮ ಸೀಟಿನಿಂದ ಹೆಂಗ ಕಾಣ್ತದ ಅಂತ ನಾನೂ ನೋಡ್ತೀನಿ. ಬಿಡ್ರಿ ರೈಲು!"