ನಲ್ಲಿಯ ಸದ್ದಿನ ಮರೆಯಲ್ಲಿ

"ನಿಮಗೆ 'ಆಮೇಲೆ' ಅನ್ನೋದು ಬಿಟ್ಟು ಬೇರೆ ಪ್ರಶ್ನೆನೇ ಬರೋದಿಲ್ವಾ?"

ಅವಳು ಅವನೊಂದಿಗೆ ಆಡಿದ ಮೊದಲ ಮಾತು ಅದು. ಎರಡು ವಾರದಿಂದ ಅವನ ಧ್ವನಿಯನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಬಂದಿದ್ದಳು. ಮುಖ ನೋಡಿದ್ದು ಅಂದೇ.

ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವ ಹೆಂಗಸರಿಗೆ ಸರ್ಕಾರ ಹೇಗೆ ನೆರವಾಗಬೇಕು ಎಂಬುದು ಅವರ ಸಂಸ್ಥೆ ಕೈಗೊಂಡಿದ್ದ ಅಧ್ಯಯನ. ಅವನು ಅಂಥವರನ್ನು ಒಬ್ಬೊಬ್ಬರಾಗಿ, ಕೆಲವೊಮ್ಮೆ ಗುಂಪಾಗಿ ಕೂರಿಸಿಕೊಂಡು ಮಾತಾಡಿಸಿ ರೆಕಾರ್ಡ್ ಮಾಡಿ ತರುತ್ತಿದ್ದ. ಅವಳು ಆಫೀಸಿನ ಮೂಲೆಯ ಕೋಣೆಯಲ್ಲಿ ಕೂತು ಕೆಮ್ಮು, ನಗು, ಮೌನ ಒಂದನ್ನೂ ಬಿಡದೆ ಅದನ್ನೆಲ್ಲ ಟೈಪ್ ಮಾಡುತ್ತಿದ್ದಳು.

"ಬರುತ್ತೆ ರೀ," ಎಂದ ಅವನು, ನಗು ಅದುಮಿಕೊಂಡು. "ಆದ್ರೆ ಬೇರೆ ಏನು ಕೇಳಿದ್ರೂ ಜನ ಉತ್ತರ ಕೊಟ್ಟು ಸುಮ್ಮನಾಗ್ತಾರೆ. ಆಮೇಲೆ ಅಂದ್ರೆ ಮಾತ್ರ ಮನಸ್ಸು ಬಿಚ್ತಾರೆ."

ಅಂದಿನಿಂದ ಅವಳು ಟೈಪ್ ಮಾಡಿದ ಪುಟಗಳಲ್ಲಿ ಸಣ್ಣ ಕೀಟಲೆಗಳು ಸೇರಿಕೊಂಡವು. '(ಪ್ರಶ್ನೆ ಕೇಳುವವರು ಮೂರನೇ ಸಲ ಕೆಮ್ಮಿದರು. ಬಿಸಿನೀರು ಕುಡಿಯುವುದು ಒಳ್ಳೆಯದು.)' ಪುಟ ತಿರುಗಿ ಬಂದಾಗ ಅಂಚಿನಲ್ಲಿ ಪೆನ್ಸಿಲ್ ಅಕ್ಷರ: 'ಕುಡಿದಾಯಿತು. ಟೈಪ್ ಮಾಡುವವರ ಊಟ ಆಯಿತೇ?'

ಅವಳು ಹೆಡ್‌ಫೋನ್ ತೆಗೆದಾಗ ಕೂದಲು ಕೆದರಿರುತ್ತಿತ್ತು. ಅವನು ಬಾಗಿಲಲ್ಲಿ ನಿಂತು, ಏನೂ ಹೇಳದೆ, ತನ್ನದೇ ತಲೆಯನ್ನು ಬೆರಳಿನಿಂದ ಮುಟ್ಟಿ ತೋರಿಸುತ್ತಿದ್ದ. ಅವಳು ಅವಸರದಲ್ಲಿ ಸವರಿಕೊಂಡರೆ ತಲೆ ಅಲ್ಲಾಡಿಸಿ ಇನ್ನೊಂದು ಕಡೆ ತೋರಿಸುತ್ತಿದ್ದ. ಮೂವತ್ತೆಂಟಕ್ಕೆ ಇದೆಂಥ ಹುಡುಗಾಟ ಎಂದು ಅವಳು ತನ್ನನ್ನೇ ಗದರಿಕೊಂಡರೂ, ಬೆಳಿಗ್ಗೆ ಕನ್ನಡಿ ಮುಂದೆ ಐದು ನಿಮಿಷ ಜಾಸ್ತಿಯೇ ನಿಲ್ಲುತ್ತಿದ್ದಳು.

ಒಂದು ಸಂಜೆ ಆಫೀಸಿನ ಮೆಟ್ಟಿಲ ಮೇಲೆ ಕೂತು ಅವನಿಗೆ ಅಮ್ಮನ ವಿಷಯ ಹೇಳಿದಳು. ಆರು ವರ್ಷ ಹಾಸಿಗೆಯಲ್ಲಿದ್ದು ತೀರಿಕೊಂಡ ಅಮ್ಮ. 'ನನ್ನ ತಂಗಿ ದೇವರಂಥವಳು' ಎಂದು ಕಂಡವರಿಗೆಲ್ಲ ಹೇಳುವ ಅಕ್ಕ. ಆ ಅಕ್ಕನಿಗೂ ಹೇಳದ ಒಂದು ಮಧ್ಯಾಹ್ನ: ಅವಳು ಬಚ್ಚಲಲ್ಲಿದ್ದಳು, ಅಮ್ಮ ಕೂಗಿದರು, ಮತ್ತೆ ಕೂಗಿದರು. ಅವಳು ನಲ್ಲಿಯನ್ನು ಪೂರ್ತಿ ತಿರುಗಿಸಿ ಆ ಸದ್ದಿನ ಮರೆಯಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತಳು. ಹೊರಗೆ ಬಂದಾಗ ಹಾಸಿಗೆ ಒದ್ದೆಯಾಗಿತ್ತು. ಅಮ್ಮ ಅಳುತ್ತಾ, "ತಪ್ಪಾಯ್ತು ಕಣೇ" ಎಂದರು.

"ತಪ್ಪು ನನ್ನದು. ಅವರು ಕ್ಷಮೆ ಕೇಳಿದ್ರು," ಎಂದಳು.

ಅವನು ಆ ದಿನ 'ಆಮೇಲೆ' ಎನ್ನಲಿಲ್ಲ. ಅವಳ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ಕೂತಿದ್ದ. ಅವಳಿಗೆ ಅಷ್ಟೇ ಸಾಕಾಗಿತ್ತು. ತಿಂಗಳು ಕಳೆದು, "ಬರೋ ಭಾನುವಾರ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ? ಕೇಳೋದನ್ನ ನಿಮ್ಮ ಅಕ್ಕನ ಹತ್ರಾನೇ ಕೇಳ್ತೀವಿ," ಎಂದು ಅವನು ಕೇಳಿದಾಗ ಅವಳು ಹೂಂ ಎಂದು ತಲೆಯಾಡಿಸಿ, ಕೀಬೋರ್ಡಿನ ಮೇಲೆ ಇಲ್ಲದ ಧೂಳು ಒರೆಸಿದಳು.

ಆ ಮಂಗಳವಾರ ಅವಳ ಕೈಗೆ ಬಂದದ್ದು ಎಂಟನೇ ಗುಂಪಿನ ರೆಕಾರ್ಡಿಂಗ್.

ಆರು ಹೆಂಗಸರು. ಯಾರೂ ಬಾಯಿ ಬಿಡುತ್ತಿಲ್ಲ. 'ಕಷ್ಟ ಏನಿಲ್ಲ', 'ನಮ್ಮವರೇ ಅಲ್ವಾ'. ಕುರ್ಚಿ ಎಳೆದ ಸದ್ದು. ಆಮೇಲೆ ಅವನ ಧ್ವನಿ:

"ನನ್ನದೇ ಒಂದು ಹೇಳ್ತೀನಿ. ನಮ್ಮಮ್ಮನೂ ಹಾಸಿಗೆಲಿದ್ರು. ಒಂದಿನ ಕೂಗಿದ್ರು. ನಾನು ನಲ್ಲಿ ಪೂರ್ತಿ ತಿರುಗಿಸಿ ನಿಂತ್ಕೊಂಡೆ..."

ಅವಳು ನಿಲ್ಲಿಸಿದಳು. ಹಿಂದಕ್ಕೆ ಹೋಗಿ ಮತ್ತೆ ಕೇಳಿದಳು. ಒದ್ದೆ ಹಾಸಿಗೆಯೂ ಇತ್ತು. "ತಪ್ಪಾಯ್ತು ಕಣೋ" ಎಂಬುದೂ ಇತ್ತು. 'ಕಣೇ' ಇದ್ದಲ್ಲಿ 'ಕಣೋ', ಅಷ್ಟೇ ಬದಲು. ಅಲ್ಲಿ ಅವನು ಬಿಕ್ಕಿದ್ದೂ ಕೇಳಿಸಿತು. ಅವನ ಅಮ್ಮ ದಿನಾ ಬೆಳಿಗ್ಗೆ ಎರಡು ಮೈಲಿ ನಡೆಯುವವರು.

ಒಬ್ಬ ವಯಸ್ಸಾದ ಹೆಂಗಸು, ಬಟ್ಟೆ ಹೊಲಿಯುವಾಕೆ, ಮಾತಾಡಿದರು. "ಅಯ್ಯೋ ಮಗಾ, ಇಷ್ಟಕ್ಕೆಲ್ಲ ಕೊರಗ್ತಾರಾ? ನಮ್ಮತ್ತೆ ಕೂಗಿದಾಗೆಲ್ಲ ನಾನು ಮಿಷನ್ ತುಳೀತಿದ್ದೆ. ಸೂಜಿ ಕೆಳಗೆ ಬಟ್ಟೆನೇ ಇರ್ತಿರ್ಲಿಲ್ಲ! ನಿಮ್ಮಮ್ಮ ಆಗ್ಲೇ ಮರೆತಿರ್ತಾರೆ. ಹೆತ್ತವರು ಅದನ್ನೆಲ್ಲ ಇಟ್ಕೊಳಲ್ಲಪ್ಪ."

ನಗು. ಯಾರೋ ಅತ್ತರು. ಅಲ್ಲಿಂದ ಒಬ್ಬರಾದ ಮೇಲೊಬ್ಬರು ಯಾರಿಗೂ ಹೇಳದ್ದನ್ನೆಲ್ಲ ಹೇಳಿಕೊಂಡರು.

ಇಷ್ಟು ವರ್ಷ ಯಾರಾದರೂ ಒಮ್ಮೆ ಹೇಳಲಿ ಎಂದು ಅವಳು ಕಾದಿದ್ದ ಮಾತು ಅದು, ಆ ಹೊಲಿಯುವಾಕೆ ಹೇಳಿದ್ದು. ಅದನ್ನು ಅವನು, ಅವಳ ಪಾಲಿನದನ್ನು, ಕೈಚಾಚಿ ಇಸಿದುಕೊಂಡಿದ್ದ.

ಅವಳು ಒಂದಕ್ಷರ ಬಿಡದೆ ಟೈಪ್ ಮಾಡಿ, ಪುಟಗಳನ್ನು ಅವನ ಮುಂದಿಟ್ಟಳು. ಅವನು ಓದುತ್ತಾ ಬಿಳಿಚಿಕೊಂಡ.

"ನಿಮ್ಮ ಹೆಸರು ಎಲ್ಲೂ ಬಂದಿಲ್ಲ..."

"ಹೆಸರು ಬಂದಿದ್ರೆ ಇಷ್ಟು ನೋವಾಗ್ತಿರ್ಲಿಲ್ಲ. ನನ್ನದನ್ನ ನಿಮ್ಮದು ಅಂದ್ರಿ."

"ಅವರು ಬಾಯೇ ಬಿಡ್ತಿರ್ಲಿಲ್ಲ ರೀ. ಆ ಕ್ಷಣಕ್ಕೆ ತೋಚಿದ್ದು ಅದೊಂದೇ. ಈ ಗುಂಪಿನ ಮಾತಿಂದ್ಲೇ ವರದಿಗೆ ಜೀವ ಬಂದಿದ್ದು. ಅಷ್ಟು ಹೆಂಗಸರಿಗೆ ಒಳ್ಳೇದಾಗೋ ಹಾಗಿದ್ರೆ..."

"ಮೆಟ್ಟಿಲ ಮೇಲೆ ನನ್ನ ಕೈ ಹಿಡ್ಕೊಂಡಿದ್ರಲ್ಲ," ಎಂದಳು ಅವಳು, "ಆಗ ಕೇಳಿಸ್ಕೊಂಡಿದ್ದು ನೀವಾ, ನಿಮ್ಮ ಕೆಲಸಾನಾ?"

ಅವನು ಪುಟಗಳ ಅಂಚು ಸರಿಮಾಡತೊಡಗಿದ. ಅದು ಅವನಿಗೇ ಗೊತ್ತಿರಲಿಲ್ಲ. ಅವಳಿಗೆ ಹೆಚ್ಚು ಹೆದರಿಕೆಯಾದದ್ದು ಅದರಿಂದಲೇ.

ಶುಕ್ರವಾರ ಎಂಟನೇ ಗುಂಪನ್ನು ಮತ್ತೆ ಕರೆದಿದ್ದರು. ವರದಿಯಲ್ಲಿ ಬಳಸುವ ಮಾತುಗಳನ್ನು ಆಡಿದವರಿಗೇ ಓದಿ ಹೇಳಿ ಒಪ್ಪಿಗೆ ಪಡೆಯುವುದು ಅವರ ಪದ್ಧತಿ. "ನಾನೂ ಬರ್ತೀನಿ," ಎಂದಳು. ಅವನು ಬೇಡವೆನ್ನಲಿಲ್ಲ.

ವೃತ್ತಾಕಾರವಾಗಿ ಕುರ್ಚಿಗಳು. ಬಟ್ಟೆ ಹೊಲಿಯುವಾಕೆ ಅವನನ್ನು ಕಂಡವರೇ, "ಹೇಗಿದೀಯಪ್ಪ? ಮನಸ್ಸು ಹಗುರ ಆಯ್ತಾ?" ಎಂದರು.

ಅವನು ತಲೆ ತಗ್ಗಿಸಿದ. ಅವಳು ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ: "ಅವತ್ತು ಹೇಳಿದ್ದು ನನ್ನ ಕಥೆ ಅಲ್ಲ, ಅಮ್ಮ. ನಂಬಿ ಹೇಳಿದವರೊಬ್ಬರದು. ಅವರನ್ನ ಕೇಳದೇ ತಂದೆ."

"ನನ್ನದು," ಎಂದಳು ಅವಳು.

ಆ ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅವನ ಕಡೆ ತಿರುಗಿದರು. "ಹಾಗಾದ್ರೆ ನಮ್ಮ ಹತ್ರ ಕಣ್ಣೀರು ಹಾಕಿದ್ದು ಯಾವ ಲೆಕ್ಕಕ್ಕೆ? ನನ್ನ ಮಾತು ತೆಗೆದುಬಿಡಪ್ಪ. ಒಂದೂ ಇರಬಾರ್ದು."

"ನನ್ನದೂ," ಎಂದರು ಇನ್ನೊಬ್ಬರು. ಮೂರನೆಯವರೂ ಎಂದರು. ವರದಿಗೆ ಜೀವ ತುಂಬಿದ್ದ ಪುಟಗಳನ್ನು ಅವನು ಎಲ್ಲರೆದುರೇ ಒಂದೊಂದಾಗಿ ಗೆರೆ ಎಳೆದು ಹೊಡೆದುಹಾಕುತ್ತಿದ್ದ. ಕೈ ನಿಧಾನವಾಗಿತ್ತು, ನಿಲ್ಲಲಿಲ್ಲ. ಅವಳಿಗೆ ಎದ್ದುಹೋಗಿ ಆ ಕೈ ಹಿಡಿಯಬೇಕೆನಿಸಿತು. ಹಾಗೆನಿಸಿದ್ದಕ್ಕೆ ಸಿಟ್ಟೂ ಬಂತು.

ಬಟ್ಟೆ ಹೊಲಿಯುವಾಕೆ ಪಕ್ಕದ ಕುರ್ಚಿ ತಟ್ಟಿದರು. "ಬಾಮ್ಮ ಇಲ್ಲಿ. ಅವನಿಗೆ ಹೇಳಿದ್ದು ವೇಸ್ಟ್ ಆಯ್ತು. ನಿಂಗೆ ಇನ್ನೊಂದ್ಸಲ ಹೇಳ್ತೀನಿ ಕೇಳು."

ಅವಳು ಕೂತು ಕೇಳಿದಳು. ಮುಖ ಮುಚ್ಚಿಕೊಳ್ಳದೆ ಅತ್ತಳು.

ಎಲ್ಲರೂ ಹೋದ ಮೇಲೆ ಅವನು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಅವಳು ಚೀಲ ಹೆಗಲಿಗೇರಿಸಿದಳು.

"ಭಾನುವಾರ..." ಎಂದ.

"ಬರಬೇಡಿ."

"ಅಮ್ಮ ಆಗ್ಲೇ ಸೀರೆ ತೆಗೆದಿಟ್ಟಿದಾರೆ. ಏನಂತ ಹೇಳ್ಲಿ?"

ಅವಳು ಅವನ ಮುಖ ನೋಡಿದಳು. ಪ್ರೀತಿ ಎಲ್ಲೂ ಹೋಗಿರಲಿಲ್ಲ. ಇದ್ದಲ್ಲೇ ಇತ್ತು, ಅದೇ ಕಷ್ಟವಾಗಿತ್ತು.

"ನಡೆದಿದ್ದನ್ನ ನಡೆದ ಹಾಗೇ ಹೇಳಿ," ಎಂದಳು. "ನಿಮ್ಮದೇ ಅಂತ ಹೇಳ್ಕೊಳ್ಳೋಕೆ ಈಗ ಒಂದು ಕಥೆ ಇದೆಯಲ್ಲ."