ಓಡದ ಟೈರು

ಹಿಂದಿನ ಚಕ್ರ ತೊಳೆದ ನೀರು ಕೆಂಪಗೆ ಹರಿಯಿತು.

ಅನುಜಾಳ ಕೈಯಲ್ಲಿದ್ದ ಬ್ರಷ್ ಅಲ್ಲೇ ನಿಂತಿತು. ಕೆಂಪು ಎಳೆ ಫರಸಿ ಕಲ್ಲಿನ ಮೇಲೆ ಸರಿದು, ಅವಳ ಚಪ್ಪಲಿಯನ್ನು ಬಳಸಿ ಮೋರಿಯ ಕಡೆ ಹೋಯಿತು. ಪುಣೆಯ ಚಿಂಚವಾಡದ ಆ ವಸತಿ ಸೊಸೈಟಿಯಲ್ಲಿ ರವಿವಾರ ಬೆಳಿಗ್ಗೆ ಎಲ್ಲರೂ ಗಾಡಿ ತೊಳೆಯುವವರೇ. ಆದರೆ ಅವತ್ತು ಅವಳ ಅಕ್ಕಪಕ್ಕ ಯಾರೂ ಗಾಡಿ ನಿಲ್ಲಿಸಿರಲಿಲ್ಲ. ಹೆಣ ಬಿದ್ದ ಗಾಡಿ ಎಂದು ದೂರದಿಂದಲೇ ದಾಟುತ್ತಿದ್ದರು.

ದೂರದ ಪ್ರಯಾಣಕ್ಕೆಂದೇ ಕೊಂಡ ಭಾರದ ಬೈಕು. ಆಷಾಢದ ಮಳೆಯಲ್ಲಿ ಘಾಟಿನ ಸಟವಾಯಿ ತಿರುವಿನಲ್ಲಿ ಉರುಳಿತ್ತು. ಹಿಂದೆ ಕೂತಿದ್ದ ಶೈಲಶ್ರೀ, ಅನುಜಾಳ ಜೊತೆ ಒಂದೇ ಮನೆಯಲ್ಲಿ ಬಾಡಿಗೆಗಿದ್ದ ಗೆಳತಿ, ಅಲ್ಲೇ ಪ್ರಾಣ ಬಿಟ್ಟಳು. ಅನುಜಾಳಿಗೆ ಹೆಗಲ ಎಲುಬು ಮುರಿಯಿತು, ಅಷ್ಟೇ. ಈಗ ಅವಳ ಮೇಲೆ ಕೇಸು. ಬೇಜವಾಬ್ದಾರಿಯಿಂದ ಗಾಡಿ ಓಡಿಸಿ ಒಬ್ಬಳ ಸಾವಿಗೆ ಕಾರಣಳಾದವಳು. ಪೊಲೀಸರು ಗಾಡಿಯನ್ನು ನಿನ್ನೆಯಷ್ಟೇ ಜಾಮೀನಿನ ಮೇಲೆ ಬಿಟ್ಟಿದ್ದರು. ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದಳು.

ಬಗ್ಗಿ ನೋಡಿದಳು. ರಕ್ತವಲ್ಲ. ಕುಂಕುಮ. ರಿಮ್ಮಿನ ಒಳಮೈಗೆ ಅರಿಶಿಣದ ಜೊತೆ ಕಲಸಿ ಯಾರೋ ಬೊಟ್ಟು ಇಟ್ಟಿದ್ದರು. ಅವಳು ಇಟ್ಟದ್ದಲ್ಲ. ಪ್ರಯಾಣದ ಹಿಂದಿನ ದಿನ ಇದೇ ಚಕ್ರವನ್ನು ಇದೇ ಬ್ರಷ್ಷಿನಿಂದ ತೊಳೆದಿದ್ದಳು. ಆಗ ನೀರು ಬರೀ ಮಣ್ಣು ಬಣ್ಣದ್ದು.

ಬೆರಳು ಟೈರಿನ ಮೇಲೆ ಆಡಿತು. ನಡುಮಧ್ಯೆ ಸುತ್ತಲೂ ನೀಲಿ ಗೆರೆ. ಅದರ ಮೇಲೆ ಕೂದಲಿನಂಥ ರಬ್ಬರಿನ ಎಳೆಗಳು, ಕೂಸಿನ ತಲೆಗೂದಲಿನ ಹಾಗೆ ಮೆತ್ತಗೆ. ಕಾರಖಾನೆಯಿಂದ ಬಂದ ಟೈರಿಗೆ ಇವೆರಡೂ ಇರುತ್ತವೆ. ಊರೊಳಗೆ ನಾಲ್ಕು ಸುತ್ತು ಹೊಡೆದರೆ ಅಳಿಸಿ ಹೋಗುತ್ತವೆ. ಅವತ್ತು ಅವಳು ಪುಣೆಯಿಂದ ಘಾಟಿನ ತನಕ ಅರ್ಧ ದಿನ ಗಾಡಿ ಓಡಿಸಿದ್ದಳು.

ಅಂದರೆ ಈ ಟೈರು ರಸ್ತೆಯನ್ನೇ ನೋಡಿಲ್ಲ.

ಬ್ರಷ್ ಕೆಳಗಿಟ್ಟು, ಫೋನಿನಲ್ಲಿ ಚಕ್ರದ ಫೋಟೋ ತೆಗೆದಳು.

*

"ಆರೋಪಿ ತಾನ ಸಾಕ್ಷಿ ಹೊತಗೊಂಡು ಬಂದದ್ದು ನನ್ನ ನೌಕರಿಯೊಳಗ ಇದ ಮೊದಲು ನೋಡ್ರಿ," ಎಂದರು ಫೌಜದಾರ ಬಸವಪ್ರಭು. ಘಾಟಿನ ಬುಡದ ಚೌಕಿ ಅವರದು. ಊರು ಅಕ್ಕಲಕೋಟೆ ಕಡೆ. ಕನ್ನಡ ಸಿಕ್ಕರೆ ಮರಾಠಿ ಬಿಡುವವರು.

"ಸಾಹೇಬ್ರ, ನಗಬ್ಯಾಡ್ರಿ. ಹಿಂದಿನ ಟೈರ್ ಬದಲಾಗೇದ."

"ವಾಹನ ತಪಾಸಣೆ ಆಗೇದ. ಟೈರ್ ಹೊಸಾವು, ಗಾಡಿಯೊಳಗ ದೋಷ ಇಲ್ಲ ಅಂತ ಬರದಾರ. ಅದಕ್ಕ ದೋಷ ನಿಮ್ಮ ಮ್ಯಾಲ ಬಂತು."

"ಅವರು ನೋಡೂದ್ರೊಳಗ ಬದಲಾಗಿತ್ತು. ಗಾಡಿ ಬಲಮಗ್ಗಲಿಗೆ ಬಿದ್ದು ಜಾರೇದ. ನನ್ನ ಬಲಗೈ ಚರ್ಮನೂ ಹಂಗ ಕಿತ್ತು ಹೋಗಿತ್ತು. ಸೈಲೆನ್ಸರ್ ಕೆರದದ, ಫುಟ್‌ರೆಸ್ಟ್ ಸವದದ. ಅವುಗಳ ನಡಬರಕ ಇರೋ ಹಿಂದಿನ ಟೈರಿಗೆ ಒಂದು ಗೀರೂ ಇಲ್ಲ. ಹ್ಯಾಂಗ್ರಿ?"

ಬಸವಪ್ರಭುಗಳ ನಗು ನಿಂತಿತು. ಫೋಟೋಗಳನ್ನು ಮತ್ತೆ ಮತ್ತೆ ನೋಡಿದರು.

"ನಮ್ಮ ಚೌಕಿಯಿಂದ ಟೈರ್ ಕದ್ದಾರ ಅಂತೀರೇನು?"

"ಹೊಸಾದು ಕದ್ದು ಹಳೇದು ಹಾಕೋ ಕಳ್ಳ ಇರ್ತಾನ. ಹಳೇದು ಒಯ್ದು ಹೊಸಾದು ಇಟ್ಟು ಹೋಗೋ ಕಳ್ಳ ಎಲ್ಲಿ ಇರ್ತಾನ್ರಿ?"

ಅಂಗಳದ ಕಾವಲುಗಾರ ಪ್ರಲ್ಹಾದನನ್ನು ಕರೆಸಿದರು. ಅನುಜಾಳನ್ನು ನೋಡಿದ್ದೇ ಅವನು ಗೋಡೆಗೆ ಅಂಟಿ ನಿಂತ. ಮರಾಠಿಯಲ್ಲಿ ತಡವರಿಸುತ್ತ ಹೇಳಿದ. ಅಪಘಾತದ ದಿನ ಸಂಜೆ ಕರೆಂಟು ಹೋಗಿತ್ತು. ಮಳೆ. ತಗಡಿನ ಶೆಡ್ಡಿನೊಳಗಿಂದ ಟಕ್ ಟಕ್ ಸಪ್ಪಳ. ಇಣುಕಿದರೆ ಬಿದ್ದ ಗಾಡಿ ಎದ್ದು ನಿಂತಿದೆ. ಅದರ ಹಿಂದಿನ ಚಕ್ರ ತಾನಾಗಿಯೇ ತಿರುಗುತ್ತಿದೆ. ಪಕ್ಕದಲ್ಲಿ ತಲೆಯ ಮೇಲೆ ಮುಸುಕು ಹೊದ್ದ ಆಕೃತಿ, ಮುಖವಿಲ್ಲ.

"ಸಟವಾಯಿ ತಿರುವಿನ ಹೆಂಗಸು ಸಾಹೇಬ. ಹಿಂದಿನಿಂದ ಗಾಡಿ ಎಳೆಯುವವಳು. ನಾನು ಬಾಗಿಲು ಹಾಕಿಕೊಂಡುಬಿಟ್ಟೆ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನಗುತ್ತೀರಿ ಅಂತ. ಮರುದಿನ ಚಕ್ರದ ಕೆಳಗೆ ಒಡೆದ ಲಿಂಬೆಹಣ್ಣು ಇತ್ತು. ಯಾರೋ ಮಾಟ ಮಾಡಿಸಿದ್ದಾರೆ. ಕಟ್ಟಿಗೆಯಿಂದ ದೂಡಿ ನಾಲೆಗೆ ಹಾಕಿದೆ."

ಆ ತಿರುವಿನಲ್ಲಿ ಗಾಡಿ ವಾಲಿಸಿದಾಗ ಅನುಜಾಳಿಗೂ ಹಾಗೇ ಅನಿಸಿತ್ತು. ಯಾರೋ ಹಿಂದಿನ ಚಕ್ರವನ್ನು ಹಿಡಿದು ಪಕ್ಕಕ್ಕೆ ಎಳೆದಂತೆ. ಅದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಜೋರಾಗಿ ಓಡಿಸಲಿಲ್ಲವೆಂದು ಪೊಲೀಸರ ಮುಂದೆ ಹೇಳಿದ್ದವಳಿಗೆ ತನ್ನ ಮಾತಿನ ಮೇಲೇ ನಂಬಿಕೆ ಉಳಿದಿರಲಿಲ್ಲ.

"ಸಾಹೇಬ್ರ," ಎಂದಳು ನಿಧಾನವಾಗಿ, "ಚಕ್ರದ ಕೆಳಗ ಲಿಂಬಿಹಣ್ಣು ಮಾಟಕ್ಕ ಅಷ್ಟ ಇಡ್ತಾರೇನ್ರಿ?"

ಬಸವಪ್ರಭು ಅವಳನ್ನೇ ನೋಡಿದರು. "ಹೊಸಾ ಗಾಡಿಗೂ ಇಡ್ತಾರ."

*

ಪಿಂಪ್ರಿಯಲ್ಲಿ ಕೇದಾರನ ಗ್ಯಾರೇಜು. ಅನುಜಾಳ ಪ್ರವಾಸಿ ಗುಂಪಿಗೆ ಅವನೇ ಮುಂದಾಳು. ಟೈರು ಹಾಕುವುದರಲ್ಲಿ ಅವನ ಕೈ ಬಿಟ್ಟರಿಲ್ಲ ಎಂಬ ಹೆಸರು. ಪ್ರಯಾಣಕ್ಕೆ ಮೊದಲು ಅವಳ ಗಾಡಿಗೆ ಹೊಸ ಟೈರು ಹಾಕಿಕೊಟ್ಟವನೂ ಅವನೇ. ಅಪಘಾತವಾದಾಗ ಪಿಂಪ್ರಿಯಿಂದ ಮೊದಲು ಓಡಿ ಬಂದವನು, ಚೌಕಿಯಲ್ಲಿ ಕಾಗದಪತ್ರಕ್ಕೆ ಓಡಾಡಿದವನು. ಸಟವಾಯಿ ತಿರುವಿನ ಕಥೆಯನ್ನು ಗುಂಪಿಗೆಲ್ಲ ಹೇಳಿದವನೂ ಅವನೇ.

"ಅಕ್ಕಾ, ಗಾಡಿ ಬಂತಂತಲ್ಲ. ಮಾರಿಬಿಡ್ರಿ ಅದನ್ನ. ಒಳ್ಳೇದಲ್ಲ," ಎಂದ ಕೇದಾರ.

ಅವನು ಯಾರದೋ ಗಾಡಿಗೆ ಹೊಸ ಟೈರು ಹಾಕಿ ಮುಗಿಸುತ್ತಿದ್ದ. ಚಕ್ರವನ್ನು ಒಮ್ಮೆ ತಿರುಗಿಸಿ ನೋಡಿದ. ಟಕ್ ಟಕ್ ಎಂದಿತು. ಬಟ್ಟಲಿನಿಂದ ಕುಂಕುಮ ತೆಗೆದು ರಿಮ್ಮಿನ ಒಳಗೆ, ಯಾರಿಗೂ ಕಾಣದ ಕಡೆ ಬೊಟ್ಟು ಇಟ್ಟ. ಲಿಂಬೆಹಣ್ಣು ಇಟ್ಟು ಗಾಡಿಯನ್ನು ಅದರ ಮೇಲೆ ಹಾಯಿಸಿದ. ಚಿಟ್ ಎಂದಿತು.

ಬಾಗಿಲಲ್ಲಿ ಸಾದಾ ಅಂಗಿಯಲ್ಲಿ ನಿಂತಿದ್ದ ಬಸವಪ್ರಭು ಕೆಮ್ಮಿದರು.

"ಒಳಗ ಯಾಕ ಹಚ್ತಿ, ಕೇದಾರ?" ಅನುಜಾ ಕೇಳಿದಳು.

"ಗಿರಾಕಿ ಎಲ್ಲಾ ಜಾತಿಯವರು ಬರ್ತಾರ. ಹೊರಗ ಹಚ್ಚಿದ್ರ ಬ್ಯಾಡ ಅಂತಾರ. ಹಚ್ಚದಿದ್ರ ನನ್ನ ಜೀವಕ್ಕ ಸಮಾಧಾನ ಇಲ್ಲ."

"ಎಲ್ಲಾ ಟೈರಿಗೂ ಹಚ್ತಿ?"

"ಹೊಸಾದು ಅಂದ್ರ ಬಿಡೂದ ಇಲ್ಲ."

"ಮತ್ತ ನನ್ನ ಗಾಡಿಗೆ ನೀ ಹೊಸಾ ಟೈರ್ ಹಾಕಿಕೊಟ್ಟಾಗ ಯಾಕ ಹಚ್ಚಲಿಲ್ಲ?"

ಅವನು ಬಟ್ಟಲನ್ನು ಕೆಳಗಿಟ್ಟ.

"ಹಚ್ಚಿದ್ದೆ."

"ಇಲ್ಲ. ಹೊರಡೋ ಮುಂದ ನಾನ ತೊಳದೀನಿ. ಚೌಕಿಯೊಳಗ ಕತ್ತಲಾಗ ರೇನ್‌ಕೋಟ್ ಹಾಕ್ಕೊಂಡು ಬಂದು ಬದಲಿಸಿದಿಯಲ್ಲ, ಆ ಚಕ್ರಕ್ಕ ಹಚ್ಚೀದಿ."

ಒಂದೇ ಒಂದು ಸಲ ಕೇದಾರನ ಕಣ್ಣು ಮೇಲಕ್ಕೆ ಹೋಗಿ ಬಂತು. ಬಸವಪ್ರಭು ಅದನ್ನು ಕಂಡರು. ಗ್ಯಾರೇಜಿನ ತಗಡು ಗಾಳಿಗೆ ಹಾರದಿರಲಿ ಎಂದು ಮೇಲೆ ಹಳೆಯ ಟೈರುಗಳನ್ನು ಪೇರಿಸಿದ್ದರು. ಏಣಿ ಹಚ್ಚಿ ತಾವೇ ಹತ್ತಿದರು. ಬಲಮಗ್ಗಲು ತುಂಬ ಕೆರೆದಿದ್ದ ಒಂದು ಟೈರನ್ನು ಕೆಳಕ್ಕೆ ಉರುಳಿಸಿದರು.

ಅನುಜಾ ಉಗುರಿನಿಂದ ಒತ್ತಿದಳು. ಉಗುರು ಇಳಿಯಲಿಲ್ಲ. ಕಟ್ಟಿಗೆಯ ಹಾಗೆ ಗಟ್ಟಿ.

"ನೋಡ್ರಿ ಸಾಹೇಬ್ರ, ಗಾಲಿಯ ಕಚ್ಚು ಆಳ ಅವ. ನೋಡಿದವರು ಹೊಸಾದು ಅಂತಾರ. ಆದ್ರ ಮಗ್ಗಲದಾಗ ಇರೋ ಅಂಕಿ ನೋಡ್ರಿ, ಮಾಡಿದ ವಾರ, ವರ್ಷ. ಒಂಬತ್ತು ವರ್ಷದ ಹಿಂದಿನ ಮಾಲು. ಕಪ್ಪು ಪಾಲಿಶ್ ಹಚ್ಚಿ ಮಿಂಚಿಸ್ಯಾನ. ಸೀದಾ ರಸ್ತಾದ ಮ್ಯಾಲ ಯಾವ ಟೈರಾದ್ರೂ ನಡೀತದ. ತಿರುವಿನಾಗ ಇಬ್ಬರ ಭಾರ, ಚೀಲಗಳ ಭಾರ, ಎಲ್ಲಾ ಒಂದು ಅಂಗೈಯಷ್ಟು ರಬ್ಬರಿನ ಮ್ಯಾಲ ನಿಲ್ತದ. ಮೆತ್ತಗ ಇದ್ರ ಹಸೀ ರಸ್ತಾನ ಹಿಡೀತದ. ಇದು ಹ್ಯಾಂಗ ಹಿಡದೀತು?"

ಕೇದಾರ ನೆಲಕ್ಕೆ ಕುಕ್ಕರಿಸಿದ.

"ನೀವು ಹೇಳಿದ ಟೈರ್ ಬಂದಿರಲಿಲ್ಲ ಅಕ್ಕಾ. ಎಲ್ಲಾರ ಮುಂದ ನಾ ತಯಾರ್ ಮಾಡಿ ಕೊಡ್ತೀನಿ ಅಂತ ಹೇಳಿದ್ದೆ. ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ತಿರುಗಿ ಬಂದಮ್ಯಾಲ ಬದಲಿಸಿದರಾತು ಅನ್ಕೊಂಡೆ. ನೀವು ಹೊಂಟು ಹೋದಮ್ಯಾಲ, ಅವತ್ತ ಮುಂಜಾನೆ, ನೀವು ಹೇಳಿದ್ದು ಪಾರ್ಸಲ್ ಬಂತು…"

"ಅದನ್ನ ಒಯ್ದು ಸತ್ತ ಗಾಡಿಗೆ ಹಾಕಿದಿ," ಎಂದರು ಬಸವಪ್ರಭು. "ಹಾಕಿ, ಲಿಂಬಿಹಣ್ಣೂ ಇಟ್ಟಿ!"

"ಹೊಸಾದಿತ್ತಲ್ರಿ," ಎಂದ ಕೇದಾರ. "ಬಿಟ್ಟು ಬರಾಕ ಅಂಜಿಕಿ ಆತು. ಶೈಲಶ್ರೀ ಅಲ್ಲೇ ನಿಂತಾಳ ಅನಸ್ತು."

ಹಳೆಯದಕ್ಕೆ ಯಾಕೆ ಬೊಟ್ಟಿಡಲಿಲ್ಲ ಎಂದು ಯಾರೂ ಮತ್ತೆ ಕೇಳಲಿಲ್ಲ. ಅನುಜಾಳಿಗೆ ಹೊಸದೆಂದು ಹೇಳುವ ನಾಲಿಗೆ ಅವನಿಗಿತ್ತು. ದೇವರಿಗೆ ಹೇಳಲು ಇರಲಿಲ್ಲ.

*

ಕೇಸಿನ ಆರೋಪಿ ಬದಲಾದ. ಸೊಸೈಟಿಯವರು ಬಂದು ಮಾತಾಡಿಸಿ ಹೋದರು. ಅನುಜಾ ಅದಕ್ಕೆಲ್ಲ ಹೂಂ ಎಂದಳು. ಆಮೇಲೆ ಬಾಗಿಲು ಹಾಕಿಕೊಂಡು, ಶೈಲಶ್ರೀಯ ಖಾಲಿ ಮಂಚದ ಮೇಲೆ ಕೂತು ಬರೆದಳು.

ಶೈಲಶ್ರೀಯ ತಾಯಿ, ಧಾರವಾಡದ ಕಾಶವ್ವನಿಗೆ. ಮಣ್ಣು ಮಾಡಿದ ದಿನ ಆ ತಾಯಿ ಅನುಜಾಳ ಪ್ಲಾಸ್ಟರಿನ ಕೈ ಹಿಡಿದು ಕೇಳಿದ್ದು ಒಂದೇ. "ನನ್ನ ಮಗಳು ಅಂಜಿದ್ಲೇನವಾ?" ಅನುಜಾ ಎಷ್ಟೋ ಸಲ ಬರೆಯಲು ಕೂತು ಹರಿದು ಹಾಕಿದ್ದಳು. ತಾನೇ ಕೊಂದೆನೇನೋ ಎಂಬ ಸಂಶಯ ಇರುವ ತನಕ, ಯಾವ ಉತ್ತರ ಬರೆದರೂ ತನ್ನನ್ನು ಉಳಿಸಿಕೊಂಡಂತೆಯೇ ಕಾಣುತ್ತಿತ್ತು.

ಈಗ ಬರೆದಳು. "ಇಲ್ಲ ಅವ್ವಾ. ಮಂಜಿನೊಳಗ ಕೈ ಚಾಚಿ, ಮೋಡ ಮುಟ್ಟಿದೆ ನೋಡ ಅಂತ ನಗಲಿಕ್ಕೆ ಹತ್ತಿದ್ಲು. ಅಂಜಾಕ ವ್ಯಾಳ್ಯಾ ಇರಲಿಲ್ಲ. ಗಾಡಿ ನಾ ಸಾವಕಾಶ ಹೊಡದಿದ್ದೆ. ಟೈರ್ ಮಾತ್ರ ನಾನ ನೋಡಿ ತಗೋಬೇಕಿತ್ತು. ನೋಡಲಿಲ್ಲ. ನೀವು ಕರದ್ರ ಬರ್ತೀನಿ."

ಅಂಚೆ ಕಚೇರಿಯಲ್ಲಿ ಕಿಟಕಿಯಾಚೆಯ ಹೆಂಗಸು ಲಕೋಟೆ ತೂಗುತ್ತ ಮರಾಠಿಯಲ್ಲಿ ಕೇಳಿದಳು, "ಅರ್ಜೆಂಟೇನು?"

"ಹೌದು," ಎಂದಳು ಅನುಜಾ. "ಭಾಳ ತಡ ಆಗೇದ."

ಕನ್ನಡದಲ್ಲೇ ಹೇಳಿಬಿಟ್ಟಿದ್ದಳು. ಆ ಹೆಂಗಸು ಮುಖ ನೋಡಿ, ಮತ್ತೇನೂ ಕೇಳದೆ ಠಸ್ಸೆ ಒತ್ತಿ ಲಕೋಟೆಯನ್ನು ಚೀಲಕ್ಕೆ ಹಾಕಿದಳು.