ಖಾಲಿ ಕುರ್ಚಿಯ ಕೆಂಪು ಗೆರೆ

ನಾಕಾನೊ ಬೀದಿಯ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಅಜ್ಜನ ಹಳೇ ರೇಂಜ್‌ಫೈಂಡರ್ ಕ್ಯಾಮೆರಾದ ಲೆನ್ಸಿಗೂ ನನ್ನ ಹೊಸ ಕ್ಯಾಮೆರಾಕ್ಕೂ ಅಡಾಪ್ಟರ್ ಉಂಗುರ ತೊಡಿಸಿ ಮದುವೆ ಮಾಡಿಸಿದ್ದೇನೆ.

ಫೋಕಸ್ ಕೂತ ವಸ್ತುವಿನ ಅಂಚಿಗೆ ಕ್ಯಾಮೆರಾದ ಪರದೆಯಲ್ಲಿ ಕೆಂಪು ಗೆರೆ ಮೂಡುತ್ತದೆ. ಮಧ್ಯಾಹ್ನ ಅದು ಖಾಲಿ ಕುರ್ಚಿಯ ಮೇಲೆ ಮೂಡಿತು: ತುರುಬು, ಭುಜ, ಮುಖ ಮುಚ್ಚಿದ ಕೈ. ಹೋದ ತಿಂಗಳು ತೀರಿಕೊಂಡ ನನ್ನ ಹೆಂಡತಿ ಕಿನುಯೊ.

"ಅಣ್ಣಾ, ಕುರ್ಚಿಗೆ ನಗು ನಗು ಅಂತಿದೀಯಲ್ಲ, ತಲೆ ನೆಟ್ಟಗಿದೆಯಾ?" ಎಂದಳು ತಂಗಿ ಹಾರುಮಿ.

"ನಿಮ್ಮತ್ತಿಗೆ ಕಣೇ! ಬದುಕಿದ್ದಾಗ ಒಂದು ಫೋಟೊಕ್ಕೂ ಮುಖ ಕೊಡಲಿಲ್ಲ. ಧೂಪದ ಮುಂದೆ ಇಡೋಕೆ ಒಂದಾದ್ರೂ ಬೇಕು."

"ರೂಮಲ್ಲಿ ಯಾಕೆ ಹಿಂಗೆ ಚಳಿ ಕೊರೀತಿದೆ?"

ಆಕೃತಿ ಎದ್ದು ಬಂತು. ನಾನು ಫೋಕಸ್ ತಿರುಗಿಸುತ್ತಾ ಹಿಂದೆ ಸರಿದೆ, ಅವಳು ಮುಂದೆ ಬಂದಳು. ಬೆನ್ನಿಗೆ ಗೋಡೆ ತಗುಲಿತು, ಕೆನ್ನೆಗೆ ತಣ್ಣನೆಯ ಉಸಿರು. ಕೆಂಪು ಗೆರೆ ಅಳಿಸಿಹೋಗುತ್ತಿದ್ದಂತೆ ಅವಳು ಮುಖದಿಂದ ಕೈ ತೆಗೆದಳು.

"ಒಂದೇ ಒಂದು ಹೆಜ್ಜೆ ಹಿಂದೆ ಹೋಗೇ, ಕಿನು!" ಎಂದು ಗೋಗರೆದೆ.

ಅವಳು ಕದಲಲಿಲ್ಲ. ಅಜ್ಜನ ಲೆನ್ಸು ಒಂದು ಮೀಟರಿಗಿಂತ ಹತ್ತಿರ ಬಂದವರ ಮೇಲೆ ಫೋಕಸ್ ಆಗುವುದಿಲ್ಲ.